ಸಂಗೀತಕ್ಕಾಗಿಯೇ ಆಡುವುದಾದರೆ ಮೊದಲು ಯಾವ ಆಟ? ಆರು ಮೆಚ್ಚಿನ ವಿಡಿಯೋ ಗೇಮ್‌ಗಳ ಹೋಲಿಕೆ

ವಿಡಿಯೋ ಗೇಮ್‌ಗಳ ಸಂಗೀತದ ಬಗ್ಗೆ ನಾನು ಮಾತೆತ್ತಿದಾಗ ಕೇಳುತ್ತ ಕೂತವರಲ್ಲಿ ಒಬ್ಬರಾದರೂ ಕೊನೆಗೆ ಕೇಳುವ ಪ್ರಶ್ನೆಯೊಂದಿದೆ: ಸಂಗೀತಕ್ಕಾಗಿಯೇ ಒಂದು ಆಟ ಆಡುವುದಾದರೆ ಮೊದಲು ಯಾವುದನ್ನು ಹಿಡಿಯಬೇಕು? ಎಲ್ಲರಿಗೂ ಒಪ್ಪುವ ಒಂದೇ ಹೆಸರನ್ನು ಕೊಟ್ಟು ಕಳಿಸುವುದು ನನಗೆ ಈವರೆಗೆ ಸಾಧ್ಯವಾಗಿಲ್ಲ. ಕೇಳಿದವರ ಬಳಿ ಎಷ್ಟು ಹೊತ್ತಿದೆ, ಅವರ ಬೆರಳಿಗೆ ಎಷ್ಟು ಅಭ್ಯಾಸವಿದೆ, ಇಂಗ್ಲಿಷ್ ಸಂಭಾಷಣೆಯನ್ನು ಗಂಟೆಗಟ್ಟಲೆ ಓದುವ ತಾಳ್ಮೆ ಇದೆಯೇ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ನಾನು ಮತ್ತೆ ಮತ್ತೆ ಆಡಿರುವ ಆರು ಆಟಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡುತ್ತಿದ್ದೇನೆ: ಫೈನಲ್ ಫ್ಯಾಂಟಸಿ 6 (1994), ಕ್ರೋನೋ ಟ್ರಿಗರ್ (1995), ಜರ್ನಿ (2012), ಅಂಡರ್‌ಟೇಲ್ (2015), ನಿಯರ್: ಆಟೊಮಾಟಾ (2017) ಮತ್ತು ಸೆಲೆಸ್ಟ್ (2018). ಇವು ನನ್ನ ಮೆಚ್ಚಿನವು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗುಂಡು ಹಾರಿಸುವ ಆಟಗಳನ್ನೋ ಕಾರು ಓಡಿಸುವ ಆಟಗಳನ್ನೋ ಹೆಚ್ಚು ಆಡುವವರ ಪಟ್ಟಿ ಬೇರೆಯೇ ಆಗಿರುತ್ತದೆ.

ಮಟ್ಟು ಇಂಪಾಗಿದೆಯೇ ಎಂಬುದನ್ನು ನಾನು ಎರಡನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳುತ್ತೇನೆ. ಮೊದಲು ನೋಡುವುದು ಆ ಸಂಗೀತಕ್ಕೂ ಆಡುವವರ ಕೈಗೂ ಏನು ನಂಟು ಎಂಬುದನ್ನು. ಇದು ನನಗೆ ಚಿಕ್ಕಂದಿನಲ್ಲೇ ಹತ್ತಿದ ಯೋಚನೆ. 1990ರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದದ್ದು ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಯಂತ್ರದ ಅಗ್ಗದ ನಕಲುಗಳು. ಅವುಗಳನ್ನು ಟಿವಿ ಗೇಮ್ ಎಂದೂ, ಒಳಗೆ ಸಿಕ್ಕಿಸುವ ಕಾರ್ಟ್ರಿಜ್ಜನ್ನು ಕ್ಯಾಸೆಟ್ ಎಂದೂ ಕರೆಯುತ್ತಿದ್ದೆವು. ಕ್ಯಾಸೆಟ್ಟಿನ ತುದಿಗೆ ಬಾಯಿಯಿಂದ ಊದಿ, ಮತ್ತೆ ಒತ್ತಿ ಕೂರಿಸಿ, ಟಿವಿಯ ಚಾನೆಲ್ ಹೊಂದಿಸಿದ ಮೇಲೆ ಬರುತ್ತಿದ್ದ ಸೂಪರ್ ಮಾರಿಯೋ ಬ್ರದರ್ಸ್ ಆಟದ ಸಂಗೀತವನ್ನು ಕೋಜಿ ಕೊಂಡೋ 1985ರಲ್ಲಿ ರಚಿಸಿದ್ದರು. ಫ್ಯಾಮಿಕಾಂನ ಧ್ವನಿ ಚಿಪ್‌ನಲ್ಲಿ ಏಕಕಾಲಕ್ಕೆ ನುಡಿಯುತ್ತಿದ್ದದ್ದು ಐದೇ ದನಿಗಳು. ಅಷ್ಟರಲ್ಲೇ ಅವರು ನೆಲದ ಮೇಲಿನ ಓಟಕ್ಕೆ ಒಂದು ಲಯ, ನೀರೊಳಗಿನ ಈಜಿಗೆ ಮೂರು ಮಾತ್ರೆಯ ಇನ್ನೊಂದು ಲಯ ಕೊಟ್ಟಿದ್ದರು. ಪರದೆಯ ಮೇಲಿನ ಸಮಯ 100ಕ್ಕಿಂತ ಕೆಳಗಿಳಿದ ಕೂಡಲೇ ಅದೇ ಮಟ್ಟು ದ್ರುತಗತಿಯಲ್ಲಿ ಓಡತೊಡಗುತ್ತಿತ್ತು, ಅಂಕಿಯ ಕಡೆ ಕಣ್ಣು ಹಾಯಿಸದಿದ್ದರೂ ನನ್ನ ಹೆಬ್ಬೆರಳು ತಾನಾಗಿ ಅವಸರ ಮಾಡುತ್ತಿತ್ತು. ಯಕ್ಷಗಾನದ ಭಾಗವತರು ವೇಷಧಾರಿಯ ಕುಣಿತ ಮುಗಿಯುವ ತನಕ ಪದದ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುವುದನ್ನು ನೋಡಿದವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ಆಟಗಳನ್ನೂ ನಾನು ಅಳೆಯುವುದು ಇದೇ ಕೋಲಿನಿಂದ.

ಒಂದೇ ಸಂಜೆಯನ್ನು ಕೊಡಬಲ್ಲವರಿಗೆ ಜರ್ನಿಯನ್ನು ಬಿಟ್ಟು ಬೇರೆ ಹೆಸರು ಹೇಳಲಾರೆ. ಇದನ್ನು ಮುಗಿಸಲು ಸುಮಾರು ಎರಡು ಗಂಟೆ ಸಾಕು, ಓದಬೇಕಾದ ಸಂಭಾಷಣೆ ಒಂದು ಸಾಲೂ ಇಲ್ಲ, ಸೋಲುವ ಭಯವೂ ಇಲ್ಲ. ಕೆಂಪು ನಿಲುವಂಗಿ ತೊಟ್ಟ ಹೆಸರಿಲ್ಲದ ಒಂದು ಜೀವ ಮರಳುಗಾಡನ್ನು ದಾಟಿ ದೂರದ ಬೆಟ್ಟದ ಕಡೆಗೆ ನಡೆಯುತ್ತದೆ. ದಾರಿಯಲ್ಲಿ ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ಆಡುತ್ತಿರುವ ಒಬ್ಬರು ಜೊತೆಯಾಗಬಹುದು, ಆದರೆ ಇಬ್ಬರ ನಡುವೆ ಮಾತಿಲ್ಲ, ಗುಂಡಿ ಒತ್ತಿದಾಗ ಹೊಮ್ಮುವ ಸ್ವರವೊಂದೇ ಕರೆಯೂ ಉತ್ತರವೂ ಆಗುತ್ತದೆ. ಸಂಯೋಜಕ ಆಸ್ಟಿನ್ ವಿಂಟರಿ ಆಡುವವರ ಪಾತ್ರಕ್ಕೆ ಚೆಲ್ಲೊ ವಾದ್ಯವನ್ನು ದನಿಯಾಗಿ ಕೊಟ್ಟಿದ್ದಾರೆ, ಅದನ್ನು ನುಡಿಸಿದವರು ಟೀನಾ ಗುವೋ. ಆರಂಭದಲ್ಲಿ ಒಂಟಿಯಾಗಿ ಕೇಳುವ ಆ ಚೆಲ್ಲೊ ಆಟ ಸಾಗಿದಂತೆ ವಾದ್ಯವೃಂದದೊಳಗೆ ಸೇರಿಕೊಳ್ಳುತ್ತ ಹೋಗುತ್ತದೆ. ಇದರ ಸಂಗೀತ ಗ್ರ್ಯಾಮಿಯ ಹಿನ್ನೆಲೆ ಸಂಗೀತ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮೊದಲ ವಿಡಿಯೋ ಗೇಮ್ ಸಂಗೀತ.

ನನ್ನ ಅಕ್ಕನ ಮಗಳು ಅಲ್ಲಿಯವರೆಗೆ ಕಂಟ್ರೋಲರ್ ಹಿಡಿದವಳೇ ಅಲ್ಲ. ಜರ್ನಿಯನ್ನು ಅವಳ ಕೈಗೆ ಕೊಟ್ಟು ನಾನು ಪಕ್ಕದಲ್ಲಿ ಕೂತೆ. ಮುಳುಗುವ ಸೂರ್ಯನ ಹೊನ್ನಿನ ಬೆಳಕಿನಲ್ಲಿ ಪಾಳುಬಿದ್ದ ಕಂಬಗಳ ನಡುವೆ ಮರಳಿನ ಮೇಲೆ ಜಾರುತ್ತ ಹೋಗುವಾಗ ಅವಳು ನಗುತ್ತ, ಮಾತಾಡುತ್ತ ಇದ್ದಳು. ಮುಂದೆ ಹಿಮದ ಬೆಟ್ಟ ಬಂತು. ಗಾಳಿಯ ಸದ್ದು ಏರಿ ಸಂಗೀತ ಸವೆಯುತ್ತ ಬಂದಾಗ, ಹೆಜ್ಜೆಗಳು ಭಾರವಾದಾಗ, ಅವಳು ಮಾತು ನಿಲ್ಲಿಸಿದಳು. ಸ್ವರ ಹೊಮ್ಮಿಸುವ ಗುಂಡಿಯನ್ನು ಮಾತ್ರ ಆಗಾಗ ಒತ್ತುತ್ತಿದ್ದಳು, ಪ್ರತಿ ಸಲವೂ ದನಿ ಹಿಂದಿನದಕ್ಕಿಂತ ಸಣ್ಣದಾಗುತ್ತಿತ್ತು. ಆಟಕ್ಕೂ ಸಂಗೀತಕ್ಕೂ ಇರುವ ನಂಟನ್ನು ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಇದರ ಒಂದು ಮಿತಿಯನ್ನೂ ಹೇಳಬೇಕು. ಎರಡನೆಯ ಸಲ ಆಡುವಾಗ ಮೊದಲ ಸಲದ ಬೆರಗು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಸಲವನ್ನು ಅವಸರದಲ್ಲಿ, ಫೋನ್ ಪಕ್ಕದಲ್ಲಿಟ್ಟುಕೊಂಡು ಕಳೆದುಕೊಳ್ಳಬಾರದು.

ಸೆಲೆಸ್ಟ್ ಆಟದಲ್ಲೂ ಗುರಿ ಒಂದು ಬೆಟ್ಟದ ತುದಿಯೇ, ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಜರ್ನಿ ಕೈಗೆ ಏನನ್ನೂ ಕೇಳುವುದಿಲ್ಲ, ಸೆಲೆಸ್ಟ್ ಎಲ್ಲವನ್ನೂ ಕೇಳುತ್ತದೆ. ಜಿಗಿತ ಕೂದಲೆಳೆಯಷ್ಟು ತಪ್ಪಿದರೂ ನಾಯಕಿ ಮ್ಯಾಡಲಿನ್ ಸಾಯುತ್ತಾಳೆ, ಕ್ಷಣದೊಳಗೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತಾಳೆ, ಮತ್ತು ಲೀನಾ ರೇನ್ ಅವರ ಸಂಗೀತ ಈ ನಡುವೆ ಒಂದು ಮಾತ್ರೆಯೂ ತಪ್ಪದೆ ಮುಂದುವರಿಯುತ್ತದೆ. ಈ ಒಂದು ತೀರ್ಮಾನದಲ್ಲಿ ಇಡೀ ಆಟದ ಮನಸ್ಸು ಇದೆ ಎಂದು ನಾನು ತಿಳಿದಿದ್ದೇನೆ: ಸೋತದ್ದಕ್ಕೆ ಸಂಗೀತ ದಂಡ ವಿಧಿಸುವುದಿಲ್ಲ, ಆದ್ದರಿಂದ ನೂರನೆಯ ಸಲ ಬಿದ್ದಾಗಲೂ ಕೈ ಕೋಪಗೊಳ್ಳದೆ ಲಯದಲ್ಲೇ ಉಳಿಯುತ್ತದೆ. ಆಟದೊಳಗೆ ಅಲ್ಲಲ್ಲಿ ಬಚ್ಚಿಟ್ಟ ಕ್ಯಾಸೆಟ್‌ಗಳಿವೆ, ಇವು ಹಾಡಿನ ಕ್ಯಾಸೆಟ್‌ಗಳೇ. ಅವು ಇರುವ ಜಾಗಗಳಲ್ಲಿ ನೀಲಿ ಮತ್ತು ಗುಲಾಬಿ ಬಣ್ಣದ ಚೌಕಗಳು ತಾಳಕ್ಕೆ ಸರಿಯಾಗಿ ಒಂದಾದ ಮೇಲೊಂದು ಗಟ್ಟಿಯಾಗುತ್ತ, ಕರಗುತ್ತ ಇರುತ್ತವೆ. ಕಣ್ಣಿಗಿಂತ ಕಿವಿಯನ್ನು ನಂಬಿದವರು ಅಲ್ಲಿ ಬೇಗ ದಾಟುತ್ತಾರೆ. ಕ್ಯಾಸೆಟ್ ಸಿಕ್ಕರೆ ಆ ಅಧ್ಯಾಯದ ಇನ್ನೂ ಕಠಿಣವಾದ ಬಿ-ಸೈಡ್ ತೆರೆಯುತ್ತದೆ, ಅದರಲ್ಲಿ ಅದೇ ಮಟ್ಟನ್ನು ಬೇರೆ ಬೇರೆ ಸಂಗೀತಗಾರರು ತಮ್ಮ ರೀತಿಯಲ್ಲಿ ಮರುರಚಿಸಿದ್ದಾರೆ. ಬೆರಳಿಗೆ ಅಭ್ಯಾಸವಿಲ್ಲದವರು ಅಸಿಸ್ಟ್ ಮೋಡ್ ಬಳಸಿ ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಆದರೂ ಹೊಸಬರಿಗೆ ಮೊದಲ ಆಟವಾಗಿ ಇದನ್ನು ನಾನು ಸೂಚಿಸುವುದಿಲ್ಲ, ಚಿಕ್ಕಂದಿನಲ್ಲಿ ಮಾರಿಯೋ ಆಡಿ ಈಗ ಬಿಟ್ಟಿರುವವರಿಗೆ ಮಾತ್ರ ಧೈರ್ಯವಾಗಿ ಸೂಚಿಸುತ್ತೇನೆ.

ಅಂಡರ್‌ಟೇಲ್ ಮತ್ತು ನಿಯರ್: ಆಟೊಮಾಟಾ ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ, ಒಂದು ಬಹುಮಟ್ಟಿಗೆ ಟೋಬಿ ಫಾಕ್ಸ್ ಎಂಬ ಒಬ್ಬರೇ ಕೂತು ಕಟ್ಟಿದ ಪುಟ್ಟ ಆಟ, ಇನ್ನೊಂದು ಯೋಕೋ ಟಾರೋ ನಿರ್ದೇಶನದಲ್ಲಿ ಜಪಾನಿನ ಪ್ಲಾಟಿನಂ ಗೇಮ್ಸ್ ತಯಾರಿಸಿದ ದೊಡ್ಡ ಆಟ. ಎರಡರ ಸಂಗೀತವೂ ಮಾಡುವ ಕೆಲಸ ಮಾತ್ರ ಒಂದೇ, ಅದೆಂದರೆ ಪರಿಚಿತ ಮಟ್ಟನ್ನು ಬೇರೆ ಉಡುಪಿನಲ್ಲಿ ಮತ್ತೆ ಕರೆತರುವುದು. ಅಂಡರ್‌ಟೇಲ್‌ನ ಧ್ವನಿಸಂಪುಟದಲ್ಲಿ 101 ತುಣುಕುಗಳಿವೆ, ಮೂಲ ಮಟ್ಟುಗಳು ಅದಕ್ಕಿಂತ ಬಹಳ ಕಡಿಮೆ. ಆರಂಭದ ದೃಶ್ಯದಲ್ಲಿ ಕೇಳಿದ ಎಳೆಯೊಂದು ಕೊನೆಯ ಭಾಗದಲ್ಲಿ ಮನೆಯೊಳಗೆ ನಡೆಯುವಾಗ ಮರಳಿ ಬರುತ್ತದೆ, ಅಷ್ಟು ಹೊತ್ತಿಗೆ ಆ ಎಳೆಗೆ ಯಾರ ಮುಖ ಅಂಟಿಕೊಂಡಿದೆ ಎಂಬುದು ನಮಗೆ ಗೊತ್ತಾಗಿರುತ್ತದೆ. ಈ ಆಟದಲ್ಲಿ ಎದುರಾದ ಯಾರನ್ನೂ ಕೊಲ್ಲದೆ ಮುಂದೆ ಸಾಗಬಹುದು. ಹುಡುಕಿ ಹುಡುಕಿ ಎಲ್ಲರನ್ನೂ ಕೊಂದು ಮುಗಿಸುವ ದಾರಿ ಹಿಡಿದರೆ ಆ ಪ್ರದೇಶದ ಸಂಗೀತವೇ ಕುಂದಿ, ನಿಧಾನವಾಗಿ, ಗುರುತು ಸಿಗದಷ್ಟು ಕೆಳಗಿನ ಸ್ಥಾಯಿಗೆ ಇಳಿಯುತ್ತದೆ. ಹೀಗೆ ಆಡುವವರು ಮಾಡಿದ್ದಕ್ಕೆ ಮಟ್ಟೇ ಸಾಕ್ಷಿಯಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ: ಇದರ ಹಾಸ್ಯವೆಲ್ಲ ಇಂಗ್ಲಿಷ್ ಮಾತಿನ ಚಮತ್ಕಾರದಲ್ಲಿದೆ, ಓದುವ ಆಸಕ್ತಿ ಇಲ್ಲದವರಿಗೆ ಅರ್ಧ ಆಟ ಕೈತಪ್ಪುತ್ತದೆ.

ನಿಯರ್: ಆಟೊಮಾಟಾದ ಸಂಗೀತವನ್ನು ಕೇಯಿಚಿ ಒಕಾಬೆ ಮತ್ತು ಅವರ ಮೊನಾಕಾ ಸ್ಟುಡಿಯೋದವರು ಮಾಡಿದ್ದಾರೆ. ಒಂದೊಂದು ರಚನೆಗೂ ಅವರು ಪದರಗಳನ್ನು ಕಟ್ಟಿಟ್ಟಿದ್ದಾರೆ, ಶಾಂತವಾದದ್ದೊಂದು, ಮಧ್ಯಮದ್ದೊಂದು, ತೀವ್ರವಾದದ್ದೊಂದು, ಜೊತೆಗೆ ಗಾಯನವಿರುವ ಪದರ ಬೇರೆ. ಪಾಳುಬಿದ್ದ ನಗರದಲ್ಲಿ ಸುಮ್ಮನೆ ನಡೆಯುವಾಗ ಕೆಲವೇ ವಾದ್ಯಗಳು ಕೇಳುತ್ತವೆ. ಕಾದಾಟ ಶುರುವಾದರೆ ಹಾಡು ಬದಲಾಗದೆ ಅದರ ಮೈ ಮಾತ್ರ ತುಂಬಿಕೊಳ್ಳುತ್ತದೆ. ಶತ್ರುವಿನ ಯಂತ್ರದೊಳಗೆ ನುಗ್ಗಿ ಹ್ಯಾಕ್ ಮಾಡುವ ಸಣ್ಣ ಆಟ ತೆರೆದುಕೊಂಡರೆ, ಅದೇ ಹಾಡು ಅದೇ ಜಾಗದಿಂದ ನಮ್ಮ ಹಳೆಯ ಟಿವಿ ಗೇಮ್ ದನಿಗೆ ಹೊರಳಿಕೊಳ್ಳುತ್ತದೆ. ಪ್ಯಾಸ್ಕಲ್ ಎಂಬ ಯಂತ್ರದ ಹಳ್ಳಿಯ ಹಾಡಿನಲ್ಲಿ ಮಕ್ಕಳ ದನಿಗಳು ಸೇರಿಕೊಳ್ಳುತ್ತವೆ. ಆ ಹಳ್ಳಿಗೆ ಮುಂದೆ ಏನಾಗುತ್ತದೆ ಎಂದು ತಿಳಿದ ಮೇಲೆ ಆ ಹಾಡನ್ನು ಹಗುರಾಗಿ ಕೇಳಲು ನನಗಂತೂ ಆಗಿಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಾಡುಗಳ ಭಾಷೆ. ಗಾಯಕಿ ಎಮಿ ಇವಾನ್ಸ್ ಇಲ್ಲಿ ಹಾಡಿರುವ ಬಹುತೇಕ ಸಾಹಿತ್ಯ ಯಾವ ನಾಡಿನಲ್ಲೂ ಆಡದ, ಹಾಡಿಗೆಂದೇ ಹುಟ್ಟಿಸಿದ ಒಂದು ನುಡಿಯಲ್ಲಿದೆ. ಕೇಳುತ್ತಿದ್ದರೆ ಯಾವುದೋ ಹಳೆಯ ಯುರೋಪಿನ ಭಾಷೆಯೇನೋ ಅನ್ನಿಸುತ್ತದೆ, ಇನ್ನೊಂದು ಕ್ಷಣಕ್ಕೆ ಜಪಾನಿ ಅನ್ನಿಸುತ್ತದೆ, ಹಿಡಿಯಹೋದರೆ ಜಾರುತ್ತದೆ. ಇಂಗ್ಲಿಷ್ ಬಲ್ಲವರೂ ಬಲ್ಲದವರೂ, ಟೋಕಿಯೋದಲ್ಲಿ ಕೂತವರೂ ಹುಬ್ಬಳ್ಳಿಯಲ್ಲಿ ಕೂತವರೂ ಈ ಹಾಡಿನ ಮುಂದೆ ಸಮಾನರು, ಯಾರಿಗೂ ಅರ್ಥ ಗೊತ್ತಿಲ್ಲ, ಎಲ್ಲರಿಗೂ ಭಾವ ಗೊತ್ತು. ರಾಗಾಲಾಪನೆ ಕೇಳಿ ಬೆಳೆದ ಕಿವಿಗೆ ಇದು ಸುಲಭವಾಗಿ ಒಗ್ಗುತ್ತದೆ ಎಂಬುದು ನನ್ನ ಅನುಭವ. ಆದರೆ ಈ ಆಟ ವಯಸ್ಕರಿಗೆ ಮೀಸಲು, ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರನ್ನೋ ಗೇಮ್ ಕನ್ಸೋಲನ್ನೋ ಬೇಡುತ್ತದೆ, ಮತ್ತು ಮೊದಲ ಮುಕ್ತಾಯ ಬಂದಾಗ ನಿಲ್ಲಿಸಿದವರು ಇದರ ಬಹುಪಾಲನ್ನು ನೋಡಿಯೇ ಇರುವುದಿಲ್ಲ. ಐದು ಮುಖ್ಯ ಮುಕ್ತಾಯಗಳನ್ನೂ ಮುಟ್ಟುವ ತನಕ ಬಿಡಬಾರದು. ಅಷ್ಟು ಹೊತ್ತು ಕೊಡಲು ಆಗದವರು ಅಂಡರ್‌ಟೇಲ್‌ನಿಂದ ತೃಪ್ತರಾಗುತ್ತಾರೆ, ಅದು ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಆಡುವ ಮನಸ್ಸಿಲ್ಲ, ಧ್ವನಿಸಂಪುಟವನ್ನು ಮಾತ್ರ ಕೇಳುತ್ತೇನೆ ಎನ್ನುವವರಿಗೆ ನಿಯರ್ ಮತ್ತು ಜರ್ನಿ ಸಾಕು. ಅಂಡರ್‌ಟೇಲ್‌ನ ತುಣುಕುಗಳು ಆಟದಿಂದ ಹೊರತೆಗೆದರೆ ಬಹಳ ಗಿಡ್ಡ.

ಉಳಿದವು ಎರಡು ಹಳೆಯ ಆಟಗಳು, ನಾನು ಅತಿ ಹೆಚ್ಚು ವರ್ಷ ಜೊತೆಗಿಟ್ಟುಕೊಂಡವು. ಫೈನಲ್ ಫ್ಯಾಂಟಸಿ 6 ಮತ್ತು ಕ್ರೋನೋ ಟ್ರಿಗರ್ ಎರಡನ್ನೂ ಜಪಾನಿನ ಸ್ಕ್ವೇರ್ ಕಂಪನಿ ಒಂದು ವರ್ಷದ ಅಂತರದಲ್ಲಿ, ಒಂದೇ ಸೂಪರ್ ಫ್ಯಾಮಿಕಾಂ ಯಂತ್ರಕ್ಕಾಗಿ ಹೊರತಂದಿತು. ಆ ಯಂತ್ರದ ಧ್ವನಿ ಚಿಪ್ಪನ್ನು ಮಾಡಿದ್ದು ಸೋನಿ, ರೂಪಿಸಿದವರು ಮುಂದೆ ಪ್ಲೇಸ್ಟೇಷನ್‌ನ ಜನಕ ಎನಿಸಿಕೊಂಡ ಕೆನ್ ಕುಟರಾಗಿ. ಏಕಕಾಲಕ್ಕೆ ಎಂಟು ದನಿ, ಎಲ್ಲ ವಾದ್ಯಗಳ ಮಾದರಿಗಳಿಗೂ ಸೇರಿ 64 ಕಿಲೋಬೈಟ್ ಜಾಗ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ಕತ್ತಿಯ ಸದ್ದು, ಬಾಗಿಲಿನ ಸದ್ದು ಕೂಡ ಆ ಎಂಟು ದನಿಗಳಲ್ಲೇ ಪಾಲು ಕೇಳುತ್ತಿದ್ದುದರಿಂದ ಯಾವ ವಾದ್ಯವನ್ನು ಯಾವಾಗ ಸುಮ್ಮನಿರಿಸಬೇಕು ಎಂಬ ಲೆಕ್ಕ ಸಂಯೋಜಕರ ತಲೆಯಲ್ಲಿ ಸದಾ ಇರಬೇಕಾಗಿತ್ತು. ಈ ಇಕ್ಕಟ್ಟೇ ಎರಡೂ ಆಟಗಳ ಮಟ್ಟುಗಳನ್ನು ಇಷ್ಟು ಗಟ್ಟಿಯಾಗಿ ನಿಲ್ಲಿಸಿದೆ. ದನಿಯ ಸೊಬಗಿನ ಹಿಂದೆ ಅಡಗಲು ಜಾಗವಿರಲಿಲ್ಲ.

ಫೈನಲ್ ಫ್ಯಾಂಟಸಿ 6 ನೊಬುವೊ ಉಯೆಮಾತ್ಸು ಅವರದು. ಸಂಗೀತವನ್ನು ಬಹುಮಟ್ಟಿಗೆ ತಾನಾಗಿ ಕಲಿತ ಅವರು ಇದರಲ್ಲಿ ಒಂದು ನಾಟಕ ಕಂಪನಿಯ ಮೇಳವನ್ನೇ ಕಟ್ಟಿದ್ದಾರೆ: 14 ಪಾತ್ರಗಳು, ಒಬ್ಬೊಬ್ಬರಿಗೂ ಒಂದೊಂದು ಮಟ್ಟು, ಕೊನೆಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಮುಕ್ತಾಯದಲ್ಲಿ ಆ ಮಟ್ಟುಗಳು ಸಾಲಾಗಿ ಮರಳುತ್ತವೆ. ಆಟ ತೆರೆದುಕೊಳ್ಳುವುದೇ ಹಿಮ ಬೀಳುವ ಬಯಲಿನಲ್ಲಿ ಮೂರು ಯಂತ್ರಕವಚಗಳು ಭಾರವಾಗಿ ನಡೆಯುವ ದೃಶ್ಯದಿಂದ, ಅದರ ಮೇಲೆ ನಾಯಕಿ ಟೆರ್ರಾಳ ಮಟ್ಟು ಹರಡುತ್ತದೆ. ನಡುವೆ ಒಂದು ಒಪೆರಾ ರಂಗ ಬರುತ್ತದೆ. ಸೆಲೆಸ್ ಎಂಬ ಸೇನಾನಿ ಗಾಯಕಿಯ ವೇಷ ತೊಟ್ಟು ವೇದಿಕೆ ಏರುತ್ತಾಳೆ. ಹಾಡಿನ ಸಾಲುಗಳನ್ನು ಮೊದಲೇ ಓದಿ ನೆನಪಿಟ್ಟುಕೊಂಡು, ಸರಿಯಾದ ಹೊತ್ತಿಗೆ ಸರಿಯಾದ ಸಾಲನ್ನು ಆರಿಸುವುದು ನಮ್ಮ ಕೆಲಸ. ಮನುಷ್ಯರ ಕಂಠವನ್ನು ತುಂಬಲು ಜಾಗವಿರದ ಚಿಪ್ಪಿನಲ್ಲಿ ಅವರು ಕಂಠವನ್ನು ಹೋಲುವ ಒಂದು ದನಿಯಿಂದ ಅದನ್ನು ಹಾಡಿಸಿದ್ದಾರೆ. 2022ರ ಪಿಕ್ಸೆಲ್ ರೀಮಾಸ್ಟರ್ ಆವೃತ್ತಿಯಲ್ಲಿ ನಿಜವಾದ ಗಾಯಕರು ಹಲವು ಭಾಷೆಗಳಲ್ಲಿ ಹಾಡಿದ್ದಾರೆ, ಚೆನ್ನಾಗಿಯೇ ಹಾಡಿದ್ದಾರೆ, ಆದರೂ ನಾನು ಮೂಲದ ಮೂಕ ಗಾಯನದ ಪಕ್ಷ. ಅಕ್ಷರಗಳು ಪರದೆಯ ಮೇಲೆ, ಸ್ವರ ಚಿಪ್ಪಿನಲ್ಲಿ, ಎರಡನ್ನೂ ಸೇರಿಸಿ ಹಾಡುವವರು ನಾವು.

ಕ್ರೋನೋ ಟ್ರಿಗರ್ ಯಾಸುನೋರಿ ಮಿತ್ಸುಡಾ ಅವರಿಗೆ ಸಂಯೋಜಕರಾಗಿ ಸಿಕ್ಕ ಮೊದಲ ದೊಡ್ಡ ಕೆಲಸ. ಅಲ್ಲಿಯವರೆಗೆ ಸ್ಕ್ವೇರ್‌ನಲ್ಲಿ ಸದ್ದುಗಳನ್ನು ಮಾಡುವ ಕೆಲಸದಲ್ಲಿದ್ದ ಅವರು, ಸಂಗೀತ ರಚಿಸಲು ಅವಕಾಶ ಕೊಡದಿದ್ದರೆ ಕೆಲಸ ಬಿಡುವುದಾಗಿ ಫೈನಲ್ ಫ್ಯಾಂಟಸಿ ಸರಣಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಾಗುಚಿಯವರಿಗೆ ಹೇಳಿ ಈ ಆಟವನ್ನು ಪಡೆದರು. ಹಗಲಿರುಳು ದುಡಿದು ಹೊಟ್ಟೆಯಲ್ಲಿ ಹುಣ್ಣಾಗಿ ಮಲಗಿದಾಗ ಉಳಿದ ತುಣುಕುಗಳನ್ನು ಮುಗಿಸಿಕೊಟ್ಟವರು ಅದೇ ಉಯೆಮಾತ್ಸು. 2021ರ ಜುಲೈಯಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯನ್ನು ಟಿವಿಯಲ್ಲಿ ನೋಡಿದವರು ದೇಶಗಳ ನಡಿಗೆಯ ಹಿಂದೆ ಈ ಆಟದ ಸಂಗೀತವನ್ನು ತಿಳಿಯದೆಯೇ ಕೇಳಿದ್ದಾರೆ, ಫೈನಲ್ ಫ್ಯಾಂಟಸಿ ಮತ್ತು ನಿಯರ್ ಸರಣಿಗಳ ಸಂಗೀತವೂ ಅಂದು ಇತ್ತು. ಮಿತ್ಸುಡಾ ಅವರ ಬಗೆ ಉಯೆಮಾತ್ಸು ಅವರಿಗಿಂತ ಬೇರೆ. ಉಯೆಮಾತ್ಸು ವ್ಯಕ್ತಿಗೆ ಮಟ್ಟು ಕಟ್ಟುತ್ತಾರೆ, ಮಿತ್ಸುಡಾ ಕಾಲಕ್ಕೆ ಮತ್ತು ಜಾಗಕ್ಕೆ ಕಟ್ಟುತ್ತಾರೆ. ಕಥೆಯೂ ಕಾಲಯಾನದ್ದೇ. ಕ್ರಿಸ್ತಪೂರ್ವ 12000ದ, ಆಕಾಶದಲ್ಲಿ ತೇಲುವ ಝೀಲ್ ರಾಜ್ಯಕ್ಕೆ ಕಾಲಿಟ್ಟಾಗ ಸಿತಾರಿನಂತೆ ಕೇಳುವ ಒಂದು ತಂತಿಯ ದನಿ ಸುತ್ತುತ್ತದೆ. ಆ ಜನ ಬಹುಕಾಲ ಉಳಿಯುವವರಲ್ಲ ಎಂಬ ಸುಳಿವು ಅದರೊಳಗೇ ಇದೆ.

ಇವೆರಡರಲ್ಲಿ ಒಂದನ್ನು ಆರಿಸಬೇಕಾದವರಿಗೆ ವ್ಯಾವಹಾರಿಕ ಮಾತು ಇಷ್ಟು. ಎರಡೂ ಈಗ ಮೊಬೈಲ್ ಫೋನಿನಲ್ಲಿ ಮತ್ತು ಕಂಪ್ಯೂಟರಿನಲ್ಲಿ ಸಿಗುತ್ತವೆ, ಎರಡರಲ್ಲೂ ಇಂಗ್ಲಿಷ್ ಓದು ಸಾಕಷ್ಟಿದೆ, ಯಾವುದಕ್ಕೂ ಚುರುಕು ಬೆರಳು ಬೇಡ. ಫೈನಲ್ ಫ್ಯಾಂಟಸಿ 6ಕ್ಕೆ ನಲವತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ, ಕ್ರೋನೋ ಟ್ರಿಗರ್ ಅದರ ಅರ್ಧದಷ್ಟರಲ್ಲಿ ಮುಗಿಯುತ್ತದೆ. ಫೈನಲ್ ಫ್ಯಾಂಟಸಿಯಲ್ಲಿ ಬಯಲಿನಲ್ಲಿ ನಡೆಯುತ್ತಿದ್ದಂತೆ ಹೇಳದೆ ಕೇಳದೆ ಕಾದಾಟ ಎದುರಾಗಿ, ಆಲಿಸುತ್ತಿದ್ದ ಮಟ್ಟು ನಡುವೆಯೇ ಕಡಿಯುತ್ತದೆ. ಸಂಗೀತಕ್ಕೆಂದು ಬಂದವರಿಗೆ ಇದು ನಿಜವಾದ ಕಿರಿಕಿರಿ. ದೊಡ್ಡ ಕಾದಂಬರಿ ಓದುವಂತೆ ತಿಂಗಳುಗಟ್ಟಲೆ ಜೊತೆಗಿರಿಸಿಕೊಳ್ಳುವವರು ಅದನ್ನು ಆರಿಸಲಿ, ಕೊನೆಯ ಕಾದಾಟದ ನಾಲ್ಕು ಭಾಗಗಳ ಸುದೀರ್ಘ ರಚನೆ ಅವರ ತಾಳ್ಮೆಗೆ ತಕ್ಕ ಫಲ ಕೊಡುತ್ತದೆ. ಉಳಿದ ಎಲ್ಲರಿಗೂ, ತಿಂಗಳೊಂದು ಬಿಡುವಿದ್ದರೆ, ನನ್ನ ಸಲಹೆ ಕ್ರೋನೋ ಟ್ರಿಗರ್.

ಆರಿಸಿದವರು ಒಂದು ಕೆಲಸ ಮಾಡಬೇಕು. ಆಟದ ಆರಂಭದಲ್ಲಿ 1000ನೇ ಇಸವಿಯ ಜಾತ್ರೆ ಇದೆ, ಅಲ್ಲಿಂದ ಕಾಲದ ಬಾಗಿಲೊಂದು ತೆರೆದು ನೀವು 600ನೇ ಇಸವಿಯ ಒಂದು ಕಣಿವೆಯಲ್ಲಿ ಬೀಳುತ್ತೀರಿ. ಕಣಿವೆ ಇಳಿದು ಹೊರಬಂದರೆ ಕಾಣುವ ನಕಾಶೆ ನೀವು ಆಗಲೇ ನಡೆದು ಬಂದ ಅದೇ ನಾಡು, ಅದೇ ಕಾಡು, ಅದೇ ಅರಮನೆ, ನಾಲ್ಕು ನೂರು ವರ್ಷ ಹಿಂದೆ. ಆಗ ತಂತಿ ಮೀಟಿದಂಥ ಸಣ್ಣ ಸ್ವರಗಳು ಸುತ್ತತೊಡಗುತ್ತವೆ, ಅವುಗಳ ಮೇಲೆ ಮಟ್ಟೊಂದು ನಿಧಾನವಾಗಿ ಎದ್ದು ಹರಡುತ್ತದೆ. ಕಥೆ ನಿಮ್ಮನ್ನು ಅವಸರಪಡಿಸುತ್ತಿರುತ್ತದೆ, ಕಾಣೆಯಾದ ಹುಡುಗಿಯನ್ನು ಹುಡುಕಬೇಕಾಗಿರುತ್ತದೆ. ಆದರೆ ಆ ನಕಾಶೆಯ ಮೇಲೆ ಶತ್ರುಗಳಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಯಾವ ಗುಂಡಿಯನ್ನೂ ಒತ್ತದೆ, ಮಟ್ಟು ಒಂದು ಸುತ್ತು ಮುಗಿಸಿ ಮೊದಲಿಗೆ ಬರುವ ತನಕ ಅಲ್ಲೇ ನಿಂತಿರಿ.